ರೊಪ್ಪದ ಬಾಯಲ್ಲಿ ನಿಂತದ್ದು

ನನ್ನ ಕೆಂಪು ಪೆನ್ನು ಮಕ್ಕಳ ನೋಟ್‌ಬುಕ್ಕುಗಳಲ್ಲಿ ಅತಿ ಹೆಚ್ಚು ಸಲ ಬರೆದಿರುವ ಅಕ್ಷರ ‘ಹ’. ಕೊಂಡ್ಲಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ನಮ್ಮ ಸೀಮೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಶಾಲೆಗೆ ಹೋದವನಿಗೂ ಶಾಲೆಯಲ್ಲಿ ಓದಿದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮಕ್ಕಳು ಆಡಿದಂತೆಯೇ ಬರೆಯುತ್ತಾರೆ, ನಾನು ಬಿದ್ದುಹೋದ ಜಾಗಕ್ಕೆಲ್ಲ ಹಕಾರ ಹಚ್ಚುತ್ತ ಹೋಗುತ್ತೇನೆ. ಈ ಕೆಲಸದಲ್ಲಿ ನನಗೆ ಕೊಂಚ ಜಂಬವೂ ಇತ್ತು. ಆ ಜಂಬದಲ್ಲಿ ಹಚ್ಚಿದ ಒಂದು ಹಕಾರದಿಂದ ನಾವು ಮಾಡಿದ ರಾಕ್ ಆಲ್ಬಮ್ಮು ಬುಡಮೇಲಾಯಿತು. ಕ್ಯಾಸೆಟ್ಟಿನ ಕಾಲ ಮುಗಿಯುತ್ತ, ಅಂಗಡಿಗಳಿಗೆ ಸಿಡಿ ಬರುತ್ತಿದ್ದ ವರ್ಷಗಳ ಮಾತು ಇದು.

ನಾವು ಮೂವರಿದ್ದೆವು. ಗಿಟಾರು ನುಡಿಸಿ ಹಾಡುತ್ತಿದ್ದವನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯವನು, ನನ್ನ ಜೊತೆ ಓದಿದವನು. ಡ್ರಮ್ಮಿನವನು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ, ವಯಸ್ಸಿನಲ್ಲಿ ನಮಗಿಂತ ಕಿರಿಯ. ನಾನು ಬೇಸ್ ಗಿಟಾರು ಹಿಡಿಯುತ್ತಿದ್ದೆ, ಹಾಡಿನ ಮಾತು ಬರೆಯುತ್ತಿದ್ದೆ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ಬಾರಿಸುತ್ತ ಮೂವರೂ ಒಂದಾಗಿದ್ದೆವು. ಬೇರೆಯವರ ಹಾಡು ಬಾರಿಸಿ ಬಾರಿಸಿ ಮೂವರಿಗೂ ಸಾಕಾಗಿತ್ತು.

ಒಂದು ಭಾನುವಾರ ಗಿಟಾರಿನವನು ಮೇಲೆ ಹೆಸರಿಲ್ಲದ, ಯಾರದೋ ಕೈಯಿಂದ ಯಾರದೋ ಕೈಗೆ ನಕಲಾಗಿ ಬಂದ ಇಂಗ್ಲಿಷ್ ಕ್ಯಾಸೆಟ್ಟೊಂದನ್ನು ಹಾಕಿದ.

‘ಲೇ, ಇದ್ರಾಗೆ ಹಾಡು ಬ್ಯಾರೆ ಬ್ಯಾರೆ ಇಲ್ಲ ಕಣೋ. ಎರಡು ಬದಿ ಸೇರಿ ಒಂದೇ ಕತೆ ಐತೆ. ಒಂದ್ ಹಾಡಿನ ಬಾಲ ಇನ್ನೊಂದ್ರ ಬಾಯಾಗೆ ಐತೆ,’ ಎಂದ.

‘ಹಂಗಂದ್ರೆ ಕಾವ್ಯ ಕಣಲೇ. ಸಂಧಿ ಸಂಧಿಯಾಗಿ ಹೋಗ್ತೈತೆ,’ ಎಂದೆ. ನನಗೆ ಇಂಗ್ಲಿಷ್ ರಾಕ್ ಅರ್ಥವಾದದ್ದು ಹೀಗೆ. ಒಂದು ಹಾಡಿನಲ್ಲಿ ಬಂದ ಸ್ವರಗುಚ್ಛ ನಾಲ್ಕು ಹಾಡು ದಾಟಿ ಮತ್ತೆ ಬರುತ್ತದೆ, ಬಂದಾಗ ಹಳೆಯದೆಲ್ಲ ನೆನಪಾಗುತ್ತದೆ. ಅಂಥದೊಂದನ್ನು ನಾವೂ ಮಾಡಬೇಕೆಂದು ಅವತ್ತೇ ನಿಶ್ಚಯವಾಯಿತು. ಕತೆ ಯಾವುದು ಎನ್ನುವುದು ಮಾತ್ರ ನಾಲ್ಕು ತಿಂಗಳು ಹೊಳೆಯಲಿಲ್ಲ. ಗಿಟಾರಿನವನಿಗೆ ಯುದ್ಧ ಬೇಕಿತ್ತು, ನನಗೆ ಪಾಳೆಯಗಾರರು ಬೇಕಿತ್ತು. ಡ್ರಮ್ಮಿನವನು ಎರಡನ್ನೂ ಕೇಳಿ, ‘ನಮ್ ಕಣ್ಮುಂದೆ ಇರೋರ್ಗೆ ಏನೂ ಆಗೇ ಇಲ್ವೇನ್ರಿ ಮೇಷ್ಟ್ರೆ?’ ಎಂದ.

ಕತೆ ಸಿಕ್ಕಿದ್ದು ಮಿಲ್ಲಿನ ಅಂಗಳದಲ್ಲಿ. ದೊಡ್ಡಉಳ್ಳಾರ್ತಿಯ ಪಕ್ಕದ ಹಟ್ಟಿಯಿಂದ ಶೇಂಗಾ ತಂದಿದ್ದ ಮನೆಯವರೊಡನೆ ಒಬ್ಬ ಅಜ್ಜಿ ಬಂದಿದ್ದರು. ತೂಕದ ಸರದಿ ಕಾಯುತ್ತ, ಮೂಟೆಗಳ ಮೇಲೆ ಕೂತು, ತಮ್ಮ ಪಾಡಿಗೆ ತಾವು ಏನನ್ನೋ ಹಾಡಿಕೊಳ್ಳುತ್ತಿದ್ದರಂತೆ. ಗಿಟಾರಿನವನು ತಕ್ಕಡಿ ಬಿಟ್ಟು ಓಡಿ ಹೋಗಿ ನನಗೆ ಫೋನು ಮಾಡಿದ. ಮುಂದಿನ ಭಾನುವಾರ ಬ್ಯಾಟರಿ ಹಾಕಿದ ಟೇಪ್ ರೆಕಾರ್ಡರು ಹಿಡಿದು ಇಬ್ಬರೂ ಹಟ್ಟಿಗೆ ಹೋದೆವು.

ಮನೆಯೊಳಗೆ ತೆಲುಗು, ನಮ್ಮಂಥವರು ಬಂದರೆ ಕನ್ನಡ, ಸಿಟ್ಟು ಬಂದರೆ ಎರಡೂ. ಆ ಹಟ್ಟಿಯ ಮಾತು ಹಾಗೆ. ಅಜ್ಜಿ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಗಂಭೀರವಾಗಿ ಹೇಳಿದರು: ‘ಆಡು ಕೊಡ್ತೀನಿ. ಆದ್ರೆ ನಮ್ಮವ್ವಂದು ಅಂತ ಇದೊಂದೇ ಆಡು ಉಳ್ದಿರೋದು. ಜ್ವಾಪಾನವಾಗಿ ಇಟ್ಕಬೇಕು.’

ಗಿಟಾರಿನವನು ಗಾಬರಿಯಾದ. ‘ಬ್ಯಾಡಜ್ಜಿ, ಮಿಲ್ಲಿನಾಗೆ ಆಡು ಕಟ್ಟಾಕೆ ಜಾಗ ಇಲ್ಲ,’ ಎಂದ.

‘ಆ ಆಡಲ್ಲಪ್ಪ, ಆಡು,’ ಎಂದರು ಅಜ್ಜಿ.

‘ಹಾಡು ಕಣಲೇ,’ ಎಂದೆ ನಾನು, ಹಕಾರವನ್ನು ಒತ್ತಿ. ಹಟ್ಟಿಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿನಲ್ಲಿ ಒಂದು ಎಚ್ಚರಿಕೆಯಿತ್ತು, ನನ್ನ ಕಿವಿಗೆ ಬೀಳಲಿಲ್ಲ.

ಅಜ್ಜಿ ಹಾಡಿದರು. ದನ ಕಾಯಲು ಬೆಳಿಗ್ಗೆ ಕಾವಲಿನ ಹುಲ್ಲುಬಯಲಿಗೆ ಹೊರಡುವ ಒಬ್ಬನ ಹಾಡು. ಹುಲ್ಲು, ಬಿಸಿಲು, ಬತ್ತಿದ ಹಳ್ಳದ ಒರತೆ, ದಾರಿ ತಪ್ಪಿದ ಕರು. ಕೊನೆಗೆ ಈ ಸಾಲುಗಳು ಮತ್ತೆ ಮತ್ತೆ ಬರುತ್ತಿದ್ದವು:

ಒತ್ತು ಮುಳುಗೈತೆ, ಅಟ್ಟಿಗೆ ಇಂಡು ಬಂದೈತೆ,
ರೊಪ್ಪದ ಬಾಯಾಗೆ ಆವು ನಿಂತೈತೆ,
ಮುಳ್ಳೆಳಿಬ್ಯಾಡ್ರೋ ಅಣ್ಣಗಳಿರಾ, ಮುಳ್ಳೆಳಿಬ್ಯಾಡ್ರೋ.

ರೊಪ್ಪ ಎಂದರೆ ದನ, ಕುರಿ ಕೂಡುವ ಬೇಲಿಯ ಅಂಗಳ. ಅದಕ್ಕೆ ಬಾಗಿಲೆಂದರೆ ಒಂದು ದೊಡ್ಡ ಜಾಲಿಯ ಮುಳ್ಳುಕೊಂಬೆ. ಸಂಜೆ ಎಲ್ಲ ಒಳಗಾದ ಮೇಲೆ ಅದನ್ನು ಎಳೆದು ಬಾಯಿ ಮುಚ್ಚುತ್ತಾರೆ.

‘ಯಾರ ಹಾಡಜ್ಜಿ ಇದು?’ ಎಂದೆ.

‘ನಮ್ಮಣ್ಣಂದು. ಕಾವಲಿಗೆ ಓದೋನು ಬರಲಿಲ್ಲ. ನಮ್ಮವ್ವ ಕಟ್ಟಿದ್ದು,’ ಎಂದರು. ನಾನು ಮುಂದೆ ಕೇಳಲಿಲ್ಲ. ಸಾವಿನ ವಿಷಯ ಕೆದಕಬಾರದೆಂಬ ಸಭ್ಯತೆ ಅದು ಎಂದುಕೊಂಡಿದ್ದೆ. ಈಗ ನೋಡಿದರೆ ಎಲ್ಲ ಗೊತ್ತಾಯಿತೆಂಬ ಉದಾಸೀನ.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. ‘ಸೊಸೇರಿಗೆ ಈ ಆಡು ಬರಲ್ಲ. ಮೊಮ್ಮಕ್ಕಳು ಸಿನಿಮಾದ್ದು ಆಡ್ತವೆ. ನಾನು ಓದ್ಮೇಲೆ ನಿಮ್ ಕ್ಯಾಸೆಟ್ನಾಗೆ ಏನೈತೋ ಅದೇ ನಿಜ ಆಗ್ತೈತೆ ಮೇಷ್ಟ್ರೆ. ಅಂಗಡಿಗೆ ಕೊಡಾಕ್ ಮುಂಚೆ ನಂಗೊಂದ್ಸಲ ಕೇಳುಸ್ರಿ,’ ಎಂದರು. ಕೇಳಿಸುತ್ತೇವೆಂದು ಮಾತು ಕೊಟ್ಟೆ.

ಸಂಜೆಯಾಗಿತ್ತು. ಅವರ ರೊಪ್ಪದ ಮುಳ್ಳು ಎಳೆದಾಗಿತ್ತು, ಆದರೆ ಪೂರ್ತಿ ಎಳೆದಿರಲಿಲ್ಲ. ಒಂದು ಮೊಳದಷ್ಟು ಸಂದು ಉಳಿದಿತ್ತು, ಆ ಸಂದಿನಲ್ಲಿ ನಾಯಿ ಮಲಗಿತ್ತು. ಅರ್ಧ ಬಿಟ್ಟ ಕೆಲಸ ಕಂಡರೆ ನನಗೆ ಆಗುವುದಿಲ್ಲ. ನಾಯಿಯನ್ನು ಎಬ್ಬಿಸಿ, ಚಪ್ಪಲಿಯ ಕಾಲಿನಿಂದ ಕೊಂಬೆಯನ್ನು ಒತ್ತಿ ಸಂದು ಮುಚ್ಚಿದೆ. ಅಜ್ಜಿ ಹಿಂದಿನಿಂದ ಬಂದು, ‘ಇರ್ಲಿ ಬಿಡ್ರಿ ಮೇಷ್ಟ್ರೆ,’ ಎಂದು ಮತ್ತೆ ಒಂದು ಮೊಳ ಹಿಂದಕ್ಕೆ ಎಳೆದರು. ವಯಸ್ಸಾದವರ ಮರೆವು ಎಂದುಕೊಂಡು ಬಸ್ಸಿಗೆ ನಡೆದೆ.

ಹಾಡನ್ನು ಕಾಗದಕ್ಕೆ ಇಳಿಸಿದ್ದು ಮನೆಯಲ್ಲಿ. ಕೇಳಿದಂತೆ ಮೊದಲು ನೀಲಿ ಶಾಯಿಯಲ್ಲಿ ಬರೆದುಕೊಂಡು, ಆಮೇಲೆ ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದೆ. ಒತ್ತು ಹೊತ್ತಾಯಿತು, ಅಟ್ಟಿ ಹಟ್ಟಿಯಾಯಿತು, ಇಂಡು ಹಿಂಡಾಯಿತು. ನಾಲ್ಕನೆಯದಾಗಿ ಆವು ಹಾವಾಯಿತು. ಮೂರು ತಿದ್ದಿದ ಕೈಗೆ ನಾಲ್ಕನೆಯದರಲ್ಲಿ ತಡವರಿಕೆ ಎಲ್ಲಿಂದ ಬರಬೇಕು? ರೊಪ್ಪದ ಬಾಯಲ್ಲಿ ಹಾವು ನಿಂತಿದೆ, ಮುಳ್ಳಿಗೆ ಕೈ ಹಾಕಬೇಡಿ. ಅರ್ಥ ಸರಿಯಾಗಿ ಕೂತಿತು. ಅಜ್ಜಿಯ ಅಣ್ಣ ಹಾವು ಕಚ್ಚಿ ತೀರಿಕೊಂಡಿದ್ದಾನೆ ಎಂಬುದೂ ಕೂತಿತು.

ಆಲ್ಬಮ್ಮಿನ ಕಟ್ಟಡ ಅಲ್ಲಿಂದ ಸರಸರನೆ ಎದ್ದಿತು. ಒಟ್ಟು ಒಂಬತ್ತು ಹಾಡು. ಮೊದಲ ಬದಿಯಲ್ಲಿ ಐದು, ಬೆಳಗಿನಿಂದ ನಡುಹಗಲಿನವರೆಗೆ. ಎರಡನೆಯ ಬದಿಯಲ್ಲಿ ನಾಲ್ಕು, ಇಳಿಹೊತ್ತಿನಿಂದ ಸಂಜೆಯವರೆಗೆ. ಹಾವು ಮೊದಲ ಹಾಡಿನಲ್ಲೇ ದನಗಾಹಿಯ ಬೆನ್ನು ಹತ್ತುತ್ತದೆ, ಕೊನೆಯ ಹಾಡಿನಲ್ಲಿ ಎದುರಾಗುತ್ತದೆ. ಗಿಟಾರಿನವನು ಒಂದು ಗಾಜಿನ ಬಾಟಲಿಯ ಕತ್ತನ್ನು ಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಿ ಐದು ಸ್ವರದ ಒಂದು ಗುಚ್ಛ ಕಂಡುಕೊಂಡ. ಅದನ್ನು ಮೈಕ್ ಸೆಟ್ಟಿನ ಹಳೆಯ ಆಂಪ್ಲಿಫೈಯರಿಗೆ ತುಂಬಿ, ತಾಳಲಾರದಷ್ಟು ಏರಿಸಿದರೆ, ಸ್ವರ ಒಡೆದು ಬುಸುಗುಡುತ್ತಿತ್ತು. ಅವನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯದನ್ನು ಅವನು ನುಡಿಸಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಇಂಗ್ಲಿಷ್ ಕ್ಯಾಸೆಟ್ಟಿನಿಂದ ನಾವು ಪಡೆದದ್ದು ಆ ಒಡೆದ ಗಿಟಾರು ಮತ್ತು ಹಾಡಿಗೆ ಹಾಡು ಕೊಂಡಿ ಹಾಕುವ ಜಾಣತನ, ಅಷ್ಟೆ. ಉಳಿದದ್ದೆಲ್ಲ ಇಲ್ಲಿಯದೇ. ನನ್ನ ಬೇಸ್ ಗಿಟಾರು ತತ್ವಪದ ಹಾಡುವವರ ಏಕತಾರಿಯಿಂದ ಬಂದದ್ದು. ಡ್ರಮ್ಮಿನವನ ತಾಳ ಅವನ ಗುಂಡಿಮಗ್ಗದಿಂದ ಬಂತು. ಕಾಲು ಮೆಟ್ಟುವುದು, ಲಾಳಿ ಎಸೆಯುವುದು, ಹಲಗೆ ಬಡಿಯುವುದು. ಇಡೀ ದಿನ ಎರಡು ಕಾಲು, ಎರಡು ಕೈ ಬೇರೆ ಬೇರೆ ಕೆಲಸ ಮಾಡಿ ಪಳಗಿದವನಿಗೆ ಡ್ರಮ್ ಸೆಟ್ಟು ಹೊಸದೇನಲ್ಲ. ಸೆರಗಿಗೆ ಬಣ್ಣ ಬದಲಾಯಿಸುವಾಗ ಮಗ್ಗದ ಸದ್ದು ಒಂದು ಕ್ಷಣ ತಡೆದು ಮತ್ತೆ ಹೊರಡುತ್ತದೆ. ಆ ತಡೆಯನ್ನು ಅವನು ಪ್ರತಿ ಏಳನೆಯ ಪೆಟ್ಟಿಗೆ ತಂದ. ನಾನು ಮೊದಲು ಅದನ್ನೂ ತಪ್ಪೆಂದು ತಿದ್ದಲು ಹೋಗಿದ್ದೆ.

ರೆಕಾರ್ಡಿಂಗ್ ನಡೆದದ್ದು ಮಿಲ್ಲಿನ ಗೋದಾಮಿನಲ್ಲಿ. ಸುಗ್ಗಿ ಮುಗಿದು ಶೇಂಗಾ ಮೂಟೆಗಳನ್ನು ಸೂರಿನವರೆಗೆ ಪೇರಿಸಿದ್ದರು. ನಡುವೆ ಒಂದು ಕೋಣೆಯಷ್ಟು ಜಾಗ ಬಿಡಿಸಿಕೊಂಡೆವು. ಮೂಟೆಗಳು ಸದ್ದನ್ನು ಕುಡಿದುಬಿಡುತ್ತಿದ್ದವು. ಒಂದು ಚಪ್ಪಾಳೆ ತಟ್ಟಿದರೆ ಚಪ್ಪಾಳೆಯಷ್ಟೇ ಕೇಳಬೇಕು, ಗೋಡೆಯ ಮಾತು ಕೇಳಬಾರದು. ಆದರೆ ಕೆಲಸಕ್ಕೆ ಮೂವರ ಬಿಡುವು ಕೂಡಬೇಕಲ್ಲ. ಶಾಲೆಗೆ ಭಾನುವಾರ ರಜೆ, ಮಗ್ಗಕ್ಕೆ ಅಮಾವಾಸ್ಯೆ ರಜೆ, ಮಿಲ್ಲಿಗೆ ಕರೆಂಟು ಹೋದಾಗ ರಜೆ. ತ್ರೀ ಫೇಸ್ ಹೋಗಿ ಮಿಲ್ಲು ನಿಂತು, ಸಿಂಗಲ್ ಫೇಸ್ ಮಾತ್ರ ಉಳಿದರೆ ನಮಗೆ ಸುಕಾಲ. ಗಿಟಾರಿನವನ ಅಪ್ಪ ವಿದ್ಯುತ್ ಇಲಾಖೆಗೆ ಶಾಪ ಹಾಕುತ್ತಿದ್ದ ಹೊತ್ತಿಗೆ ಮಗ ಒಳಗೆ ಗಿಟಾರಿಗೆ ಶ್ರುತಿ ಮಾಡುತ್ತಿದ್ದ.

ನಮ್ಮ ಹತ್ತಿರ ಇದ್ದದ್ದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರು. ಮೂರು ಟ್ರ್ಯಾಕಿಗೆ ಡ್ರಮ್ಮು, ಬೇಸು, ಗಿಟಾರು ತುಂಬುವುದು. ಮೂರನ್ನೂ ಒಟ್ಟು ಮಾಡಿ ನಾಲ್ಕನೆಯದಕ್ಕೆ ಇಳಿಸುವುದು. ಖಾಲಿಯಾದ ಮೂರರ ಮೇಲೆ ಹಾಡು, ಎರಡನೆಯ ಗಿಟಾರು ಇತ್ಯಾದಿ ಹೊಸದಾಗಿ ತುಂಬುವುದು. ಒಮ್ಮೆ ಇಳಿಸಿದ ಮೇಲೆ ಅದು ಅನ್ನಕ್ಕೆ ಸಾರು ಕಲಸಿದಂತೆ, ಬೇರ್ಪಡಿಸುವ ಮಾತಿಲ್ಲ. ಮೂರನೆಯ ಹಾಡಿನಲ್ಲಿ ವೋಲ್ಟೇಜು ಕುಸಿದು ಟೇಪು ನಿಧಾನವಾಗಿ ಓಡಿತ್ತು. ಗೊತ್ತಾದದ್ದು ಮರುವಾರ, ಹಾಡಲು ಹೋದಾಗ ಶ್ರುತಿ ಎಲ್ಲೋ ನಾವು ಎಲ್ಲೋ. ಸ್ಟೆಬಿಲೈಸರು ತಂದು ಆ ಹಾಡನ್ನು ಮೊದಲಿನಿಂದ ಬಾರಿಸಿದೆವು.

ಕೊನೆಯ ಹಾಡಿಗೆ ನಾನು ಪಟ್ಟ ಪಾಡು ನೆನೆದರೆ ಈಗ ನಾಚಿಕೆಯಾಗುತ್ತದೆ. ಗಿಟಾರಿನವನು ‘ಹಾವು’ ಎಂದಾಗ ಹಕಾರ ಮೈಕಿಗೆ ಸರಿಯಾಗಿ ಬೀಳುತ್ತಿರಲಿಲ್ಲ. ‘ಹೊಟ್ಟೆಯಿಂದ ತಗೀಲೇ, ಹಾ, ಹಾ,’ ಎಂದು ಒಂಬತ್ತು ಸಲ ಹಾಡಿಸಿದೆ. ಒಂಬತ್ತನೆಯದರಲ್ಲಿ ಹಕಾರ ಗಂಟೆ ಹೊಡೆದಂತೆ ಬಂತು. ಹಾಡು ಮುಗಿದ ಮೇಲೆ ಜಾಲಿಯ ಕೊಂಬೆಯೊಂದನ್ನು ಗೋದಾಮಿನ ನೆಲದ ಮೇಲೆ ಬಾಗಿಲಿನಿಂದ ಮೈಕಿನವರೆಗೆ ಎಳೆದು ಅದರ ಸದ್ದು ಹಿಡಿದೆವು. ಸತ್ತವನು ಸತ್ತ, ರೊಪ್ಪ ಮುಚ್ಚಿತು. ಕತೆಗೆ ಇದಕ್ಕಿಂತ ಗಟ್ಟಿಯಾದ ಕೊನೆ ಇಲ್ಲವೆಂದು ಮೂವರೂ ಬೆನ್ನು ತಟ್ಟಿಕೊಂಡೆವು. ಆಲ್ಬಮ್ಮಿಗೆ ‘ಹಾವು ನಿಂತ ಹೊತ್ತು’ ಎಂದು ಹೆಸರಿಟ್ಟೆ.

ಕೊಟ್ಟ ಮಾತಿನಂತೆ, ನಕಲು ಮಾಡಿಸಲು ಕೊಡುವ ಮುಂಚೆ ಮೂವರೂ ಹಟ್ಟಿಗೆ ಹೋದೆವು. ಬೇಸಿಗೆ ಶುರುವಾಗಿತ್ತು. ಅಜ್ಜಿ ಬೇವಿನ ನೆರಳಿನಲ್ಲಿ ಟೇಪ್ ರೆಕಾರ್ಡರಿಗೆ ಕಿವಿ ಹತ್ತಿರ ಮಾಡಿ ಕೂತರು. ಅಷ್ಟು ಗದ್ದಲದ ಸಂಗೀತವನ್ನು ಅವರು ಎಂದೂ ಕೇಳಿರಲಾರರು. ಆದರೂ ಎರಡು ಬದಿಯನ್ನೂ ಅಲುಗದೆ ಕೇಳಿದರು. ಕೊನೆಯಲ್ಲಿ ಮುಳ್ಳು ಎಳೆದ ಸದ್ದಿಗೆ ಅವರ ಕೈ ಮೊಣಕಾಲಿನ ಮೇಲೆ ಬಿಗಿಯಿತು. ನಾಟಿತು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

‘ಆವೆಲ್ಲೈತೆ?’ ಎಂದರು ಅಜ್ಜಿ.

ಗಿಟಾರಿನವನು ಹುಮ್ಮಸ್ಸಿನಿಂದ ಟೇಪನ್ನು ಹಿಂದಕ್ಕೆ ಓಡಿಸಿ ಬಾಟಲಿಯ ಸ್ವರಗಳನ್ನು ಕೇಳಿಸಿದ. ‘ಇದೇ ನೋಡ್ರಜ್ಜಿ. ಬುಸ್ ಅಂತೈತಲ್ಲ, ಇದೇ.’

‘ಆವು ಯಾಕಪ್ಪ ಬುಸ್ ಅಂತೈತೆ?’

‘ಮತ್ತಿನ್ನೇನಂತೈತಜ್ಜಿ?’

ಅಜ್ಜಿ ರೊಪ್ಪದ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಬಿಳಿಯ ಹಸು ನಿಂತು ಮೆಲುಕು ಹಾಕುತ್ತಿತ್ತು. ‘ಅಗೋ, ಆವು,’ ಎಂದರು.

ತೆಲುಗಿನಲ್ಲಿ ಆವು ಎಂದರೆ ಹಸು. ನನಗೆ ಗೊತ್ತಿರಲಿಲ್ಲವೆ? ಚಳ್ಳಕೆರೆಯ ಸಂತೆಯಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ? ಅಷ್ಟೇ ಅಲ್ಲ, ವರ್ಷವರ್ಷವೂ ಹಳಗನ್ನಡದ ಪಾಠ ಬಂದಾಗ ‘ಆವು ಎಂದರೆ ಹಸು’ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವನು ನಾನೇ. ಎರಡು ಭಾಷೆಯಲ್ಲೂ ಸರಿಯಿದ್ದ ಮಾತನ್ನು ನಾನು ತಿದ್ದಿದ್ದೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

‘ಕೊನೀಗೆ ಮುಳ್ಳು ಯಾಕೆ ಎಳುದ್ರಿ?’ ಅಜ್ಜಿ ಕೇಳಿದರು.

ನಾನು ತೊದಲುತ್ತ ಹೇಳಿದೆ. ದನಗಾಹಿಗೆ ಹಾವು ಕಚ್ಚುತ್ತದೆ, ಅವನು ಸಾಯುತ್ತಾನೆ, ಆಮೇಲೆ ರೊಪ್ಪ ಮುಚ್ಚುತ್ತಾರೆ ಎಂದು.

‘ನಮ್ಮಣ್ಣ ಸತ್ತ ಅಂತ ನಿಮಗ್ಯಾರು ಯೇಳಿದ್ರು?’

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು, ನಮಗೇನಾದರೂ ಸುದ್ದಿ ಸಿಕ್ಕಿದೆಯೇನೋ ಎಂಬಂತೆ. ಆಮೇಲೆ ಅವರೇ ಹೇಳಿದರು. ಅಣ್ಣ ದಾರಿ ತಪ್ಪಿದ ಕರು ಹುಡುಕಿಕೊಂಡು ಕಾವಲಿನ ಆಚೆ ಹೋದ. ಸಂಜೆ ಹಿಂಡು ತಾನೇ ಹಟ್ಟಿಗೆ ಬಂತು. ಎಲ್ಲ ಒಳಗೆ ಹೋದವು, ಆ ಕರುವಿನ ತಾಯಿ ಮಾತ್ರ ರೊಪ್ಪದ ಬಾಯಲ್ಲಿ ನಿಂತುಬಿಟ್ಟಿತು. ಹೊಡೆದರೂ ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

‘ಕಾವಲಿಗೆ ಓದ ಆಳು ಒಳಗೆ ಬರೋ ತಂಕ ಮುಳ್ಳು ಎಳಿಯಂಗಿಲ್ಲ. ನಮ್ಮ ಅಟ್ಟೀ ಪದ್ಧತಿ ಅದು. ಮುಳ್ಳು ಎಳುದ್ರೆ ಅವ್ನು ಇಲ್ಲ ಅಂತ ಲೆಕ್ಕ. ಆವು ನಿಂತಿದ್ದಕ್ಕೆ ಯಾರ್ಗೂ ಎಳಿಯಾಕ್ ಆಗ್ಲಿಲ್ಲ. ನಮ್ಮವ್ವ ಅಂಗೇ ಬಿಡ್ರಿ ಅಂದ್ಲು. ಇವತ್ತಿಗೂ ಒಂದು ಮೊಳ ಬಿಡ್ತೀವಿ.’

ನನ್ನ ಕಾಲು ಒತ್ತಿ ಮುಚ್ಚಿದ್ದ ಆ ಒಂದು ಮೊಳ ನೆನಪಾಯಿತು. ಆ ಹಾಡು ಇದ್ದದ್ದೇ ಒಬ್ಬನ ಸಾವನ್ನು ಒಪ್ಪದಿರುವುದಕ್ಕೆ. ನಾನು ಒಂದು ಅಕ್ಷರ ಹಚ್ಚಿ ಅವನನ್ನು ಕೊಂದಿದ್ದೆ, ಆಮೇಲೆ ನೆಲದ ಮೇಲೆ ಕೊಂಬೆ ಎಳೆದು ಬಾಗಿಲನ್ನೂ ಹಾಕಿದ್ದೆ.

ಮುಂದಿನ ಭಾನುವಾರ ಗೋದಾಮಿನಲ್ಲಿ ಮೂವರೂ ಕೂತೆವು. ಶೇಂಗಾ ಅರೆದು ಮುಗಿಯುತ್ತ ಬಂದು ಮೂಟೆಗಳು ಅರ್ಧಕ್ಕೆ ಇಳಿದಿದ್ದವು.

‘ಲೇ, ಕತೆ ನಮ್ದು,’ ಎಂದ ಗಿಟಾರಿನವನು. ‘ಅಜ್ಜಿ ಸಾಲು ತೆಗೆದುಬಿಡಾಣ. ಹಾವೇ ಇರ್ಲಿ. ನಮ್ ಕಿವಿಗೆ ಹಾವು ಅಂತ ಕೇಳ್ತು, ಅದ್ರಿಂದ ಒಂದು ಹೊಸಾದು ಹುಟ್ತು. ಅದ್ರಾಗೆ ತಪ್ಪೇನೈತೆ?’

ತಪ್ಪಿರಲಿ ಬಿಡಲಿ, ಅವನ ವಾದದಲ್ಲಿ ಹುರುಳಿತ್ತು. ಆ ಐದು ಸ್ವರ ಅವನ ಮಗುವಿದ್ದಂತೆ. ನಾನು ನಡುದಾರಿ ಹಿಡಿದೆ. ‘ಕೊನೇ ಹಾಡಿನಾಗೆ ಮಾತ್ರ ಹಕಾರ ತೆಗೆದು ಹಾಡಣ. ಆವು ಅಂತ ಇರ್ಲಿ. ಅಜ್ಜಿಗೆ ಹಸು, ಪ್ಯಾಟೆಯೋರ್ಗೆ ಹಾವು. ಅವರವರ ಕಿವಿಗೆ ಬಿಟ್ಟಿದ್ದು,’ ಎಂದೆ.

ಡ್ರಮ್ಮಿನವನು ಆವತ್ತಿನವರೆಗೆ ನನ್ನ ಮಾತಿಗೆ ಎದುರಾಡಿದವನಲ್ಲ. ನೆಲ ನೋಡುತ್ತ ಹೇಳಿದ: ‘ನಂಗೆ ಮೊದ್ಲೇ ಗೊತ್ತಿತ್ತು ಮೇಷ್ಟ್ರೆ. ನಮ್ಮನೇಲಿ ತೆಲುಗೇ ಅಲ್ಲೇನ್ರಿ. ಅಜ್ಜಿ ಹಾಡಿದ ಟೇಪು ನೀವು ನಂಗೆ ಕೇಳಿಸಿದ ದಿನಾನೇ ಹಸು ಅಂತ ತಿಳೀತು.’

‘ಮತ್ಯಾಕೋ ಹೇಳ್ಲಿಲ್ಲ?’

‘ನೀವು ಹಾವು ಅಂತ ಬರ್ದಿದ್ರಿ. ಮೇಷ್ಟ್ರು ಬರ್ದಿದ್ದಾರೆ, ಅದ್ರಾಗೆ ಏನೋ ಒಳಾರ್ಥ ಇರ್ತೈತೆ ಅಂದ್ಕೊಂಡೆ.’

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಅದಕ್ಕಿಂತ ದೊಡ್ಡ ಪಾಠ ಯಾರೂ ಹೇಳಿರಲಿಲ್ಲ. ನನ್ನ ಕೆಂಪು ಪೆನ್ನಿಗೆ ಹೆದರಿ ಎಷ್ಟು ಜನ ತಮಗೆ ಗೊತ್ತಿದ್ದುದನ್ನು ನುಂಗಿಕೊಂಡಿದ್ದಾರೋ ಎಂದು ಆಗ ಮೊದಲ ಸಲ ಅನುಮಾನ ಬಂತು.

‘ಈಗ ಹೇಳೋ. ಏನು ಮಾಡಣ?’ ಎಂದೆ.

‘ಸೀರೇಲಿ ಎಳೆ ತಪ್ಪಿದ್ರೆ ತಪ್ಪಿದ ಜಾಗದ ತನಕ ಬಿಚ್ತೀವ್ರಿ. ಮೇಲೆ ಬಣ್ಣ ಬಳಿಯಾದಿಲ್ಲ,’ ಎಂದ.

ತಪ್ಪಿದ ಜಾಗ ಯಾವುದು? ಮೊದಲ ಹಾಡಿನ ಮೊದಲ ಸ್ವರ. ಎಲ್ಲ ಇಳಿಸಿ ಕಲಸಿಯಾಗಿತ್ತು, ಬಿಚ್ಚುವುದೆಂದರೆ ಒಂಬತ್ತೂ ಹಾಡನ್ನು ಅಳಿಸುವುದು. ಅಳಿಸೋಣ ಎಂದವನು ನಾನೇ. ತಪ್ಪು ನನ್ನದು, ಹಾಗಾಗಿ ಹೇಳುವ ಬಾಯಿಯೂ ನನ್ನದೇ ಆಗಬೇಕಿತ್ತು. ಗಿಟಾರಿನವನು ಎದ್ದು ಹೋಗಿ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತ. ನಾವು ಕರೆಯಲಿಲ್ಲ. ತುಂಬಾ ಹೊತ್ತಿನ ಮೇಲೆ ಅಲ್ಲಿಂದಲೇ ಆ ಐದು ಸ್ವರ ಕೇಳಿಸಿತು. ಬಾಟಲಿ ಇಲ್ಲ, ಆಂಪ್ಲಿಫೈಯರಿಗೆ ಜೋಡಿಸಿಲ್ಲ, ಬರೀ ಬೆರಳು. ಜಾರುತ್ತಿದ್ದ ಸ್ವರಗಳು ಈಗ ಒಂದೊಂದಾಗಿ ಬಿಡಿಬಿಡಿಯಾಗಿ ಬೀಳುತ್ತಿದ್ದವು. ಅವನು ಎರಡು ಸಲ, ಮೂರು ಸಲ ನುಡಿಸಿದ.

‘ಲೇ, ಇದು ಹಾವಲ್ಲ ಕಣೋ. ಯಾರೋ ನಡ್ಕೊಂಡ್ ಬರ್ತಿದಾನೆ,’ ಎಂದ.

ಅಲ್ಲಿಂದ ಮತ್ತೆ ಮೂರು ತಿಂಗಳ ಭಾನುವಾರಗಳು. ಸ್ವರ ಅದೇ, ಅರ್ಥ ಬೇರೆ. ಹಿಂದೆ ಬೆನ್ನು ಹತ್ತುತ್ತಿದ್ದದ್ದು ಈಗ ದಾರಿ ಹಿಡಿದು ಹೊರಟಿತು. ಅಷ್ಟರಲ್ಲಿ ಮೂಟೆಗಳೆಲ್ಲ ಹೋಗಿ ಗೋದಾಮು ಬಟಾಬಯಲಾಗಿತ್ತು. ಚಪ್ಪಾಳೆ ತಟ್ಟಿದರೆ ನಾಲ್ಕು ಗೋಡೆಯೂ ಉತ್ತರ ಕೊಡುತ್ತಿದ್ದವು. ಗೋಣಿಚೀಲ ತಂದು ನೇತುಹಾಕೋಣ ಎಂದೆ. ‘ಕಾವಲಿನಾಗೆ ನಿಂತು ಕೂಗಿದ್ರೆ ಹಿಂಗೇ ಅಲ್ಲೇನ್ರಿ ಕೇಳೋದು?’ ಎಂದ ಡ್ರಮ್ಮಿನವನು. ಹಾಗೇ ಬಿಟ್ಟೆವು.

ಕೊನೆಯ ಹಾಡು ಬಗ್ಗಲಿಲ್ಲ. ಹಸುವನ್ನು ಯಾವ ವಾದ್ಯದಲ್ಲಿ ತರುವುದು? ಡ್ರಮ್ಮಿನವನು ಉರುಮೆ ತಂದ. ಅದರ ಒಂದು ಮುಖವನ್ನು ಕಡ್ಡಿಯಿಂದ ಉಜ್ಜಿದರೆ ದನ ಕೂಗಿದಂತೆಯೇ ಸದ್ದು ಬರುತ್ತದೆ. ಚೆನ್ನಾಗಿತ್ತು, ಆದರೆ ಸುಳ್ಳೆನಿಸಿತು. ಅಜ್ಜಿ ಹಸು ಕೂಗಿತೆಂದು ಎಲ್ಲೂ ಹೇಳಿರಲಿಲ್ಲ. ನಿಂತಿತ್ತು, ಅಷ್ಟೆ. ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ಇಡೀ ಹಾಡಿಗೆ ಬೇಸ್ ಗಿಟಾರಿನಲ್ಲಿ ಒಂದೇ ಸ್ವರ. ಮೇಲೆ ಗಿಟಾರು ಎಲ್ಲಿಗೆ ಹೋದರೂ ನಾನು ಕದಲಬಾರದು. ಕೆಲವು ಕಡೆ ಎರಡೂ ಹೊಂದದೆ ಅಪಸ್ವರವಾಗುತ್ತಿತ್ತು. ಆಗೆಲ್ಲ ನನ್ನ ಬೆರಳು ಪಕ್ಕದ ಸ್ವರದ ಮನೆಗೆ ಜಾರಿ ಸರಿಪಡಿಸಲು ತುರಿಸುತ್ತಿತ್ತು. ಒಂದೇ ತಂತಿಯನ್ನು ಒಂದೇ ಸಮ ಮೀಟುತ್ತ ಹೆಬ್ಬೆರಳು ಊದಿಕೊಂಡಿತು. ತಪ್ಪು ಕೇಳುತ್ತಿದ್ದರೂ ತಿದ್ದದೆ ನಿಲ್ಲುವುದು ಎಷ್ಟು ಕಷ್ಟವೆಂದು ಆ ನಾಲ್ಕು ನಿಮಿಷ ನನಗೆ ಕಲಿಸಿತು.

ಹಾಡಿನ ಮಾತನ್ನು ನಾವು ಹಾಡಲಿಲ್ಲ. ಮೊದಲ ದಿನ ಹಟ್ಟಿಯಲ್ಲಿ ಹಿಡಿದ ಅಜ್ಜಿಯ ಧ್ವನಿಯನ್ನೇ ಹಾಕಿದೆವು, ನಾಯಿ ಬೊಗಳಿದ್ದು, ಲೋಟ ಇಟ್ಟ ಸದ್ದು ಎಲ್ಲದರ ಸಮೇತ. ಒತ್ತು, ಅಟ್ಟಿ, ಇಂಡು, ಆವು. ಒಂದು ಅಕ್ಷರ ಮುಟ್ಟಲಿಲ್ಲ. ಮುಳ್ಳಿನ ಸದ್ದು ತೆಗೆದೆವು. ಅದರ ಜಾಗಕ್ಕೆ ಏನು ಎಂದು ಬಹಳ ಚರ್ಚೆಯಾಗಿ, ಕೊನೆಗೆ ಏನೂ ಬೇಡವೆಂದಾಯಿತು. ಅಜ್ಜಿಯ ಧ್ವನಿ ನಿಂತ ಮೇಲೂ ನನ್ನ ಸ್ವರ ಸ್ವಲ್ಪ ಹೊತ್ತು ಇರುತ್ತದೆ. ಆಮೇಲೆ ಖಾಲಿ ಟೇಪು. ಆಲ್ಬಮ್ಮಿನ ಹೆಸರು ‘ಕಾವಲು’ ಎಂದಾಯಿತು. ಹುಲ್ಲುಗಾವಲೂ ಕಾವಲೇ, ಕಾಯುವುದೂ ಕಾವಲೇ. ಎರಡರಲ್ಲಿ ಯಾವುದು ಎಂದು ನಾನು ವಿವರಿಸಲು ಹೋಗಲಿಲ್ಲ.

ಮತ್ತೆ ಹಟ್ಟಿಗೆ ಹೋದಾಗ ದಾರಿಯುದ್ದಕ್ಕೂ ಕ್ಯಾಸೆಟ್ಟಿನ ಡಬ್ಬಿ ತೆಗೆದು ತೆಗೆದು ನೋಡುತ್ತಿದ್ದೆ. ಪರೀಕ್ಷೆ ಬರೆಯುವ ಮಕ್ಕಳಿಗೆ ಹೀಗೇ ಆಗುತ್ತದೇನೋ. ಅದೇ ಬೇವಿನ ನೆರಳು, ಅದೇ ಟೇಪ್ ರೆಕಾರ್ಡರು. ಅಜ್ಜಿ ಮೊದಲ ಬದಿ ಕೇಳಿದರು, ಎರಡನೆಯ ಬದಿ ಕೇಳಿದರು. ತಮ್ಮ ಧ್ವನಿ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡರು. ಹಾಡು ಮುಗಿಯಿತು. ನನ್ನ ಸ್ವರವೂ ನಿಂತಿತು. ಟೇಪು ಸುಯ್ಯೆಂದು ಓಡುತ್ತಲೇ ಇತ್ತು. ಅವರು ಕಾಯುತ್ತಿದ್ದಾರೆಂದು ನಮಗೆ ತಿಳಿಯಿತು, ಏನನ್ನು ಎಂದೂ ತಿಳಿಯಿತು.

‘ಮುಳ್ಳು?’ ಎಂದರು.

‘ಎಳೆದಿಲ್ಲಜ್ಜಿ,’ ಎಂದೆ.

ಗಿಟಾರಿನವನು ನಿಲ್ಲಿಸುವ ಗುಂಡಿಗೆ ಕೈ ಚಾಚಿದ. ‘ಇರ್ಲಿ ಬಿಡಪ್ಪ, ಓಡ್ಲಿ,’ ಎಂದು ಅಜ್ಜಿ ಅವನ ಕೈ ತಡೆದರು. ಹಟ್ಟಿಯ ಐವರು ಹೆಂಗಸರು, ನಾವು ಮೂವರು, ಒಂದು ನಾಯಿ, ಎಲ್ಲರೂ ಏನೂ ಇಲ್ಲದ ಟೇಪನ್ನು ಕೇಳುತ್ತ ಕೂತೆವು. ರೊಪ್ಪದ ಕಡೆಯಿಂದ ಗಂಟೆಯ ಸದ್ದು ಒಮ್ಮೆ ಕೇಳಿ ನಿಂತಿತು. ಕೊನೆಗೆ ಟೇಪು ಮುಗಿದು ಗುಂಡಿ ಟಕ್ಕನೆ ತಾನೇ ಮೇಲೆದ್ದಿತು.

ಅಜ್ಜಿ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು.

‘ತಿರುವಾಕ್ರಿ ಮೇಷ್ಟ್ರೆ,’ ಎಂದರು. ‘ಬೆಳಗಾಗ್ಲಿ.’

ನಾನು ಕ್ಯಾಸೆಟ್ಟು ತೆಗೆದು ಮೊದಲ ಬದಿಗೆ ತಿರುವಿ ಹಾಕಿದೆ.